ಐಪಿಎಲ್ ಮ್ಯಾಚ್ ನೋಡೋಕೆ ಎಷ್ಟು ದುಡ್ಡು ಎತ್ತಿಡಬೇಕು?

ಟಿಕೆಟ್ಟಿನ ಮೂಲ ಬೆಲೆ ನೋಡಿ ಲೆಕ್ಕ ಹಾಕಬೇಡಿ. ಐಪಿಎಲ್ ಟಿಕೆಟ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 40 ಆಗಿದೆ. ಮೂಲ ಬೆಲೆ 1,000 ರೂಪಾಯಿ ಇದ್ದರೆ ಮೊದಲು 1,280 ಕೊಡುತ್ತಿದ್ದೆವು, ಈಗ 1,400. ನಾಲ್ಕು ಜನ ಹೋದರೆ ತೆರಿಗೆಯೇ 1,600 ಆಯ್ತು, ಅಲ್ವಾ? ಆನ್‌ಲೈನ್ ಬುಕಿಂಗ್ ಶುಲ್ಕ ಬೇರೆ.

ಓಡಾಟದ ಖರ್ಚು ಕಮ್ಮಿ ಮಾಡಬಹುದು. ಚಿನ್ನಸ್ವಾಮಿಗೆ ಹೋಗೋದಾದರೆ ಕಬ್ಬನ್ ಪಾರ್ಕ್ ಮೆಟ್ರೊ ಪಕ್ಕದಲ್ಲೇ ಇದೆ, ಸುಮ್ನೆ ಕಾರು ತೆಗೆಯಬೇಡಿ. ಜೇಬು ಖಾಲಿಯಾಗೋದು ಒಳಗಿನ ತಿಂಡಿ, ನೀರಿಗೆ. ಮನೆಯಲ್ಲಿ ಹೊಟ್ಟೆ ತುಂಬ ತಿಂದು ಹೊರಡಿ.

ನಾನಂತೂ ಜನವರಿಯಿಂದಲೇ ತಿಂಗಳಿಗೆ 1,000 ರೂಪಾಯಿ ತೆಗೆದಿಡುತ್ತೇನೆ. ಕ್ರೆಡಿಟ್ ಕಾರ್ಡ್ ಇಎಂಐನಲ್ಲಿ ಟಿಕೆಟ್ ಕೊಳ್ಳೋದು ಮಾತ್ರ ಬೇಡ. ಮ್ಯಾಚ್ ಒಂದೇ ರಾತ್ರಿ, ಕಂತು ಆರು ತಿಂಗಳು.