ಕುದುರೆ ಪುಕ್ಕಟೆ, ತಿಂಗಳ ಖರ್ಚು ಯಾರದ್ದು?

ಪ್ರಶ್ನೆ: ನಾನು ಇಪ್ಪತ್ತು ವರ್ಷದ ಹುಡುಗಿ. ಬೆಂಗಳೂರಿನಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದೇನೆ. ಸಂಜೆ ಒಂದು ಕೆಫೆಯಲ್ಲಿ ಕೆಲಸ, ತಿಂಗಳಿಗೆ 14,000 ರೂಪಾಯಿ ಬರುತ್ತದೆ. ಭಾನುವಾರ ಕುದುರೆ ಸವಾರಿ ಕಲಿಯಲು ಹೋಗುತ್ತೇನೆ. ಅಲ್ಲಿ ಐದು ವರ್ಷದ ಒಂದು ಹೆಣ್ಣು ಕುದುರೆ ಇದೆ, ರೇಸ್ ಬಿಟ್ಟು ಬಂದದ್ದು. 'ಚೆನ್ನಾಗಿ ನೋಡಿಕೊಳ್ಳೋದಾದ್ರೆ ಸುಮ್ನೆ ತಗೊಂಡು ಹೋಗು' ಎಂದು ಮಾಲೀಕರು ಹೇಳಿದ್ದಾರೆ. ಅಲ್ಲೇ ಇಟ್ಟುಕೊಂಡರೆ ಮೇವು, ಲಾಯ, ಕುದುರೆ ನೋಡಿಕೊಳ್ಳುವ ಸೈಸ್‌ನ ಸಂಬಳ ಎಲ್ಲ ಸೇರಿ ತಿಂಗಳಿಗೆ 22,000. ನೆಲಮಂಗಲದ ಹತ್ತಿರ ಮಾವನ ತೋಟವಿದೆ, ಹುಲ್ಲಿಗೆ ಕೊರತೆ ಇಲ್ಲ. ಅಪ್ಪ ಮುಂದಿನ ವರ್ಷದ ಫೀಸಿಗೆಂದು ನನ್ನ ಖಾತೆಗೆ 60,000 ಹಾಕಿದ್ದಾರೆ. ಅವರಿಗೆ ಇನ್ನೂ ಏನೂ ಹೇಳಿಲ್ಲ. ನಾನು ತಗೊಳ್ಳದಿದ್ದರೆ ಅವಳನ್ನು ಮದುವೆ ಮೆರವಣಿಗೆಯವರಿಗೆ ಕೊಡುತ್ತಾರಂತೆ. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ಫೀಸಿನ ದುಡ್ಡಿನ ವಿಷಯ ಮುಗಿಸಿಬಿಡೋಣ. ಅದನ್ನು ಮುಟ್ಟಬೇಡಿ. ನಿಮ್ಮ ಸಂಬಳವನ್ನು ಪೂರ್ತಿ ಕುದುರೆಗೇ ಸುರಿದರೂ ತಿಂಗಳಿಗೆ 8,000 ಕಡಿಮೆ ಬೀಳುತ್ತದೆ. ಅಪ್ಪ ಹಾಕಿದ 60,000 ಆ ತೂತು ಮುಚ್ಚುವುದು ಏಳು ತಿಂಗಳು ಚಿಲ್ಲರೆ. ಆಮೇಲೆ ಫೀಸೂ ಇಲ್ಲ, ಮೇವೂ ಇಲ್ಲ. ಬಸ್ಸು ಹೇಗೂ ಫ್ರೀ ಅನ್ನಬಹುದು, ಊಟ?

ಅವರು ಹೇಳಿದ 22,000ದಲ್ಲಿ ಏನೇನು ಬರುವುದಿಲ್ಲ ಎಂದು ಕೇಳಿದ್ದೀರಾ? ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಹೊಡೆಸಬೇಕು. ಧನುರ್ವಾಯು ಲಸಿಕೆ, ಜಂತಿನ ಔಷಧಿ, ವರ್ಷಕ್ಕೊಮ್ಮೆ ಹಲ್ಲಿನ ಚೂಪು ಅಂಚನ್ನು ಅರದಿಂದ ಉಜ್ಜಿಸುವುದು. ಇವೆಲ್ಲ ಹೇಳಿ ಬರುವ ಖರ್ಚು. ಹೇಳದೆ ಬರುವುದು ಹೊಟ್ಟೆನೋವು, ಲಾಯದವರು ಕೋಲಿಕ್ ಅನ್ನುತ್ತಾರಲ್ಲ, ಅದು. ಕುದುರೆಗೆ ವಾಂತಿ ಮಾಡಿಕೊಳ್ಳಲು ಆಗುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಅದು ಹೊಟ್ಟೆ ತಿರುಗಿ ತಿರುಗಿ ನೋಡುತ್ತಾ, ಕಾಲು ಕೆರೆಯುತ್ತಾ, ಮಲಗಿ ಹೊರಳಾಡಲು ಶುರು ಮಾಡಿದರೆ ಬೆಳಿಗ್ಗೆವರೆಗೆ ಕಾಯುವ ಹಾಗಿಲ್ಲ. ಕುದುರೆ ಗೊತ್ತಿರುವ ಡಾಕ್ಟರನ್ನು ಆಗಲೇ ಕರೆಸಬೇಕು, ಅವರು ಕೇಳಿದ್ದನ್ನು ಕೊಡಬೇಕು. ಆ ಹೊತ್ತಿಗೆ ನೀವು ಕೆಫೆಯಲ್ಲಿ ಬಿಲ್ ಮಾಡುತ್ತಿರುತ್ತೀರಿ.

ಇನ್ನು ಮಾವನ ತೋಟ. ನಿಮ್ಮ ಪತ್ರ ಓದುವಾಗ ನನಗೆ ನಿಜಕ್ಕೂ ಭಯವಾಗಿದ್ದು ಇಲ್ಲೇ. ಹಸು ಸಾಕಿರುವ ತೋಟದಲ್ಲಿ ಸಾಮಾನ್ಯವಾಗಿ ಇರುವುದು ನೇಪಿಯರ್ ಹುಲ್ಲು. ಹಸುವಿಗೆ ಒಳ್ಳೆಯದೇ. ಆದರೆ ಅದರಲ್ಲಿ ಆಕ್ಸಲೇಟ್ ಎಂಬ ಅಂಶ ಜಾಸ್ತಿ, ಅದು ಕುದುರೆಯ ಮೈಗೆ ಕ್ಯಾಲ್ಸಿಯಂ ಸೇರದ ಹಾಗೆ ಹಿಡಿದಿಡುತ್ತದೆ. ಅದೇ ಹುಲ್ಲನ್ನೇ ತಿಂಗಳುಗಟ್ಟಲೆ ಹಾಕಿದರೆ ಮೂಳೆ ಸೊರಗುತ್ತದೆ, ಕುಂಟು ಬರುತ್ತದೆ, ಮುಖದ ಮೂಳೆ ಎರಡೂ ಕಡೆ ಊದಿಕೊಳ್ಳುತ್ತದೆ. ಪಾಪ ಎಂದು ದಿನಾ ಬಕೆಟ್‌ಗಟ್ಟಲೆ ಬೂಸಾ ಕಲಸಿಟ್ಟರೆ ಇನ್ನೂ ಕೆಡುತ್ತದೆ, ಅದರಲ್ಲಿ ರಂಜಕ (ಫಾಸ್ಫರಸ್) ಹೆಚ್ಚು, ಅದೂ ಕ್ಯಾಲ್ಸಿಯಂ ಸೇರಲು ಬಿಡುವುದಿಲ್ಲ. ದನದ ಫೀಡ್ ಮೂಟೆಯನ್ನಂತೂ ಹತ್ತಿರ ಇಡಬೇಡಿ. ಕೆಲವು ಫೀಡ್‌ಗಳಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆಸಿರುತ್ತಾರೆ. ಹಸು ಅದನ್ನು ಅರಗಿಸಿಕೊಳ್ಳುತ್ತದೆ, ಕುದುರೆಯ ಹೃದಯಕ್ಕೆ ಅದು ವಿಷ. 450 ಕೆಜಿಯ ಕುದುರೆಗೆ ದಿನಕ್ಕೆ 8-9 ಕೆಜಿ ಒಳ್ಳೆಯ ಒಣಮೇವು ಬೇಕು, 25ರಿಂದ 40 ಲೀಟರ್ ನೀರು ಬೇಕು. ಬೆಳಿಗ್ಗೆ ಲದ್ದಿ ಎತ್ತುವವರು ಬೇಕು. ಮಾವ ಎತ್ತುತ್ತಾರಾ? ಅತ್ತೆ? ಅವರನ್ನು ಕೇಳಿದ್ದೀರಾ? ಜೊತೆಗೆ ಇನ್ನೊಂದು ಕುದುರೆ ಇಲ್ಲದೆ ಒಂಟಿಯಾಗಿ ಕಟ್ಟಿಹಾಕಿದರೆ ಅದಕ್ಕೂ ಬೇಸರವೇ. ಗುಂಪಿನಲ್ಲಿ ಇರುವ ಪ್ರಾಣಿ ಅದು.

ಅವಳು ಐದನೇ ವರ್ಷಕ್ಕೇ ರೇಸ್ ಬಿಟ್ಟದ್ದು ಯಾಕೆ ಎಂದು ನೀವು ಬರೆದಿಲ್ಲ. ಓಟ ಸಾಲದೇ ಬಿಟ್ಟಿದ್ದರೆ ಪರವಾಗಿಲ್ಲ. ಕಾಲು ಕೆಟ್ಟು ಬಿಟ್ಟಿದ್ದರೆ? ಮುಂಗಾಲಿನ ಮಂಡಿಯ ಕೆಳಗೆ, ಹಿಂಬದಿಯಲ್ಲಿ, ಬೆರಳಿನಿಂದ ಮೆಲ್ಲಗೆ ಸವರಿ ನೋಡಿ. ಅಲ್ಲಿರುವ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯಂಥ ನಾರು, ನೆಟ್ಟಗೆ, ಬಿಗಿಯಾಗಿ ಸಿಗಬೇಕು. ಬಿಲ್ಲಿನ ಹಾಗೆ ಹೊರಗೆ ಉಬ್ಬಿದ್ದರೆ ಹಳೆಯ ಪೆಟ್ಟು ಇದೆ ಎಂದೇ ಲೆಕ್ಕ. ಅಂಥ ಕುದುರೆಯನ್ನು ಸಾಕಬಹುದು, ಆದರೆ ನೀವು ಅಂದುಕೊಂಡಷ್ಟು ಸವಾರಿ ಆಗದೇ ಇರಬಹುದು. ಖರ್ಚು ಮಾತ್ರ ಅಷ್ಟೇ. ಕುದುರೆಗಳು 25-30 ವರ್ಷ ಬದುಕುತ್ತವೆ ಅನ್ನುವುದನ್ನೂ ಮರೆಯಬೇಡಿ. ನಿಮಗೆ ನಲವತ್ತು ತುಂಬಿದಾಗಲೂ ಅವಳು ಇರಬಹುದು.

ಮೆರವಣಿಗೆಯ ಮಾತು ನಿಮ್ಮನ್ನು ಜಾಸ್ತಿ ಕಾಡುತ್ತಿದೆ, ಅಲ್ವಾ? ಪತ್ರದ ಕೊನೆಗೆ ಬಂದಿದ್ದರೂ ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಇರಬೇಕು. ಆ ಮಾತಿನಲ್ಲಿ ಒಂದು ಒತ್ತಡವಿದೆ, ಗಮನಿಸಿ. ಅವಳು ಓಡಿ ಗೆದ್ದಾಗ ಬಂದ ಬಹುಮಾನ ಹೋಗಿದ್ದು ಮಾಲೀಕರ ಜೇಬಿಗೆ. ಓಟ ನಿಂತ ಮೇಲೆ ಹೊಣೆ ಮಾತ್ರ ಇಪ್ಪತ್ತು ವರ್ಷದ ಹುಡುಗಿಯ ತಲೆಗೆ ಬರುವುದು ಯಾವ ನ್ಯಾಯ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಪ್ರಾಣಿಗೆ ಸಾಕಷ್ಟು ಮೇವು ನೀರು ಕೊಡುವುದು ಮಾಲೀಕರ ಹೊಣೆ. ನೀವು ತಗೊಂಡ ದಿನದಿಂದ ಆ ಮಾಲೀಕರು ನೀವೇ.

ಆಸೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಅವಳು ಮಾಲೀಕರ ಹೆಸರಿನಲ್ಲೇ ಅಥವಾ ಸವಾರಿ ಶಾಲೆಯ ಹೆಸರಿನಲ್ಲೇ ಇರಲಿ, ನಾನು ಖರ್ಚಿನಲ್ಲಿ ಒಂದು ಪಾಲು ಕೊಡುತ್ತೇನೆ, ವಾರಕ್ಕೆ ಎರಡು ದಿನ ಅವಳು ನನಗೆ ಎಂದು ಕೇಳಿ. ಪಾಲು 4,000 ದಾಟದಿರಲಿ, ಈಗ ಕ್ಲಾಸಿಗೆ ಕೊಡುತ್ತಿರುವುದೂ ಅದರಲ್ಲೇ ಸೇರಲಿ. ನಿಮ್ಮಂಥವರು ಅಲ್ಲಿ ಇನ್ನೂ ಮೂರು ನಾಲ್ಕು ಜನ ಇದ್ದೇ ಇರುತ್ತಾರೆ. ಒಪ್ಪಿದರೆ ಕಾಗದದಲ್ಲಿ ಬರೆಸಿಕೊಳ್ಳಿ: ಡಾಕ್ಟರ ಬಿಲ್ ಯಾರದ್ದು, ಬಿದ್ದು ಪೆಟ್ಟಾದರೆ ಏನು, ಪರೀಕ್ಷೆ ತಿಂಗಳಲ್ಲಿ ನೀವು ಬರದಿದ್ದರೆ ಏನು. ದುಡ್ಡು ಸಾಲದಿದ್ದರೆ ಭಾನುವಾರ ಬೆಳಿಗ್ಗೆ ಲಾಯದ ಕೆಲಸ ಮಾಡಿಕೊಡುತ್ತೇನೆ ಅನ್ನಿ. ಮೈ ಉಜ್ಜುವುದು, ಗೊರಸಿನ ಕೊಳೆ ತೆಗೆಯುವುದು, ಲದ್ದಿ ಎತ್ತುವುದು. ಮೂರು ತಿಂಗಳು ಮಾಡಿದರೆ ಕುದುರೆ ಸಾಕುವುದು ನಿಮಗೆ ಇಷ್ಟವೋ, ಸವಾರಿ ಮಾತ್ರ ಇಷ್ಟವೋ ನಿಮಗೇ ತಿಳಿಯುತ್ತದೆ. ಎರಡೂ ತಪ್ಪಲ್ಲ.

ಎನ್‌ಸಿಸಿಯಲ್ಲಿ ಕುದುರೆಗಳದ್ದೇ ಒಂದು ವಿಭಾಗವಿದೆ, ರೀಮೌಂಟ್ ಅಂಡ್ ವೆಟರ್ನರಿ ಎಂದು. ಬೆಂಗಳೂರಿನಲ್ಲೂ ಅದರ ಘಟಕವಿದೆ. ನಿಮಗೆ ಈಗ ಸೇರಲು ಆಗುತ್ತದಾ ಎಂದು ಕಾಲೇಜಿನ ಎನ್‌ಸಿಸಿ ಅಧಿಕಾರಿಯನ್ನು ಕೇಳಿ ನೋಡಿ, ಕೇಳಿದರೆ ನಷ್ಟವೇನಿಲ್ಲ.

ಮಾಲೀಕರ ಜೊತೆ ಮಾತಾಡುವ ಮೊದಲು ಅಪ್ಪನಿಗೆ ಫೋನ್ ಮಾಡಿ. ಅವರು ಬೈಯಬಹುದು. ಫೀಸಿನ ದುಡ್ಡು ಖಾತೆಯಲ್ಲಿ ಹಾಗೇ ಇದೆ ಎಂದು ಮೊದಲೇ ಹೇಳಿಬಿಡಿ, ಅರ್ಧ ಬೈಗುಳ ಕಡಿಮೆಯಾಗುತ್ತದೆ.