ಲೋಳೆಸರದ ಲೋಳೆ ಸಕ್ಕರೆಯೇ ಆದರೆ ಸಿಹಿ ಯಾಕಿಲ್ಲ?

ಲೋಳೆಸರದ ಲೋಳೆ ಸಕ್ಕರೆಯಿಂದಲೇ ಆಗಿದೆ ಅಂತಾರಲ್ಲ, ಹಾಗಾದರೆ ಸಿಹಿ ಯಾಕಿಲ್ಲ, ಶುಗರ್ ಇರುವ ಅತ್ತೆಗೆ ಕೊಡಬಹುದಾ ಅಂತ ಕೇಳಿದ್ದೀರಿ.

ಸಕ್ಕರೆ ಹೌದು, ಬಿಡಿ ಸಕ್ಕರೆಯಲ್ಲ. ಲೋಳೆಯಲ್ಲಿ ನೂರಕ್ಕೆ 98 ಪಾಲು ಬರೀ ನೀರು. ಉಳಿದ ಚೂರಿನಲ್ಲಿ ಮುಖ್ಯವಾದದ್ದು ಅಸೆಮನ್ನಾನ್ ಅನ್ನುವ ಉದ್ದನೆಯ ಸರಪಳಿ. ಅದರ ಮಣಿಗಳು ಹೆಚ್ಚಾಗಿ ಮ್ಯಾನೋಸ್, ನಡುವೆ ಒಂದಿಷ್ಟು ಗ್ಲೂಕೋಸ್. ಮ್ಯಾನೋಸ್ ಗ್ಲೂಕೋಸ್‌ನ ಒಡಹುಟ್ಟು. ಎರಡನೇ ಕಾರ್ಬನ್ನಿನ ಓಎಚ್ (ಆಕ್ಸಿಜನ್-ಹೈಡ್ರೋಜನ್ ಜೋಡಿ) ಬೇರೆ ಕಡೆ ತಿರುಗಿರುತ್ತದೆ, ಅಷ್ಟೇ.

ವಿಷಯ ಇರುವುದು ಮಣಿ ಪೋಣಿಸಿದ ರೀತಿಯಲ್ಲಿ. ರಾಗಿಯ ಪಿಷ್ಟದಲ್ಲಿ ಇರುವುದು ಆಲ್ಫಾ ಅನ್ನುವ ಬಗೆಯ ಕೊಂಡಿ. ನಮ್ಮ ಎಂಜಲಿಗೆ ಅದನ್ನು ಕತ್ತರಿಸಲು ಬರುತ್ತದೆ. ರಾಗಿ ರೊಟ್ಟಿಯನ್ನು ಸುಮ್ನೆ ಎರಡು ನಿಮಿಷ ಅಗಿಯುತ್ತಾ ಇರಿ, ಸಣ್ಣಗೆ ಸಿಹಿಯಾಗುತ್ತದೆ. (ಮುದ್ದೆಯಲ್ಲಿ ಗೊತ್ತಾಗಲ್ಲ, ನಾವು ಅಗಿಯೋದೇ ಇಲ್ವಲ್ಲ.) ಲೋಳೆಸರದ್ದು ಬೀಟಾ ಕೊಂಡಿ. ಅದನ್ನು ಬಿಡಿಸುವ ಕಿಣ್ವ ನಮ್ಮಲ್ಲಿಲ್ಲ. ಹಾಗಾಗಿ ನಾಲಿಗೆಗೆ ಸಿಹಿ ಇಲ್ಲ, ರಕ್ತಕ್ಕೆ ಸಕ್ಕರೆಯೂ ಇಲ್ಲ. ಸರಪಳಿ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಪಾಲಾಗುತ್ತದೆ.

ಹಾಗಾದರೆ ಅದು ಲೋಳೆಲೋಳೆಯಾಗಿರುವುದು ಯಾಕೆ? ಬೀಟಾ ಕೊಂಡಿಯ ಮ್ಯಾನೋಸ್ ಸರಪಳಿಗಳು ಬೋಳಾಗಿದ್ದರೆ ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತವೆ, ನೀರಿನಲ್ಲಿ ಕರಗುವುದಿಲ್ಲ. ಗೋರಿಕಾಯಿ ಬೀಜದ ಅಂಟಿನಲ್ಲೂ ಇದೇ ಸರಪಳಿ. ಅಲ್ಲಿ ಸುಮಾರು ಎರಡು ಮ್ಯಾನೋಸಿಗೆ ಒಂದರಂತೆ ಗ್ಯಾಲಕ್ಟೋಸ್ ಅನ್ನುವ ಇನ್ನೊಂದು ಸಕ್ಕರೆ ಪಕ್ಕಕ್ಕೆ ಚಾಚಿಕೊಂಡು ಅಂಟದಂತೆ ತಡೆಯುತ್ತದೆ. ಲೋಳೆಸರದಲ್ಲಿ ಆ ಕೆಲಸ ಹೆಚ್ಚಾಗಿ ಅಸಿಟೈಲ್ ಗುಂಪಿನದು. ವಿನೆಗರ್‌ನಲ್ಲಿರುವ ಆಮ್ಲದ ಒಂದು ತುಂಡು ಅದು.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಎಂಎಸ್ಸಿ ಪ್ರಾಜೆಕ್ಟಿಗೆ ಶಿಡ್ಲಘಟ್ಟದ ನಮ್ಮ ಹಿತ್ತಲಿನ ಎಲೆಗಳನ್ನೇ ಒಯ್ದಿದ್ದೆ. ಲೋಳೆ ರುಬ್ಬಿ, ಸೋಸಿ, ಎಥನಾಲ್ ಸುರಿದೆ. ಬಿಳಿ ಎಳೆಗಳು ತೇಲಿಬಂದವು. ಗಾಜಿನ ಕಡ್ಡಿಗೆ ಸುತ್ತಿ ಎತ್ತಬಹುದಿತ್ತು, ನಮ್ಮೂರಲ್ಲಿ ಬಿಸಿನೀರಿನಿಂದ ರೇಷ್ಮೆಗೂಡಿನ ಎಳೆ ಎತ್ತುತ್ತಾರಲ್ಲ, ಹಾಗೆ. ಆಮೇಲೆ ಪಿಎಚ್ (ಹುಳಿ-ಕ್ಷಾರದ ಮಟ್ಟ) ಸರಿಮಾಡಲು ಹೋಗಿ ಕಾಸ್ಟಿಕ್ ಸೋಡಾ ಜಾಸ್ತಿ ಹಾಕಿಬಿಟ್ಟೆ. ಅಸಿಟೈಲ್ ಎಲ್ಲ ಕಳಚಿತು. ಮತ್ತೆ ನೀರಿಗೆ ಹಾಕಿದರೆ ಲೋಳೆಯೇ ಇಲ್ಲ, ತಳದಲ್ಲಿ ಹಿಟ್ಟಿನಂಥ ಗಸಿ. ವಾರದ ಕೆಲಸ ಹೋಯಿತು. ಅಂಗಡಿಯ ಲೋಳೆಸರದ ಪುಡಿ ಅಸಲಿಯೋ ಅಂತ ಎನ್‌ಎಂಆರ್‌ನಲ್ಲಿ (ಅಯಸ್ಕಾಂತದ ನೆರವಿನಿಂದ ಅಣುವಿನ ರಚನೆ ಓದುವ ಯಂತ್ರ) ಪರೀಕ್ಷಿಸುವವರು ಹುಡುಕುವುದೂ ಈ ಅಸಿಟೈಲ್ ಗುರುತನ್ನೇ.

ಇನ್ನು ನಿಮ್ಮ ಅತ್ತೆಯವರ ವಿಷಯ. ಯೋಚಿಸಬೇಕಾದ್ದು ಲೋಳೆಯ ಸಕ್ಕರೆಯ ಬಗ್ಗೆ ಅಲ್ಲ, ಸಿಪ್ಪೆಯ ಕೆಳಗಿನ ಹಳದಿ ರಸದ ಬಗ್ಗೆ. ಅದರಲ್ಲಿ ಅಲೋಯಿನ್ ಇದೆ. ತುಂಬಾ ಕಹಿ, ಭೇದಿ ಹಿಡಿಸುತ್ತದೆ. ಎಲೆ ಕೊಯ್ದು ಬುಡ ಕೆಳಗೆ ಮಾಡಿ ನಿಲ್ಲಿಸಿ ರಸ ಇಳಿಸಿ, ಸಿಪ್ಪೆ ದಪ್ಪಗೆ ತೆಗೆದು, ಲೋಳೆ ತೊಳೆಯಿರಿ. ಶುಗರ್ ಮಾತ್ರೆ ನುಂಗುತ್ತಿದ್ದರೆ ಮೊದಲು ಡಾಕ್ಟರನ್ನು ಕೇಳಿ, ಎರಡೂ ಸೇರಿ ಶುಗರ್ ತೀರಾ ಇಳಿಯಬಹುದು. ಬೆಳಿಗ್ಗೆ ಮಿಕ್ಸಿಗೆ ಹಾಕಿ ಹೊರಗಿಟ್ಟದ್ದು ಸಂಜೆಗೆ ತೆಳ್ಳಗೆ ನೀರಾಗಿದ್ದರೆ ಸರಪಳಿ ತುಂಡಾಗಿದೆ ಅಂತ ಲೆಕ್ಕ. ಗಿಡದ ಬುಡಕ್ಕೆ ಚೆಲ್ಲಿಬಿಡಿ.