ಅರ್ಜಿ ಕನ್ನಡದಲ್ಲಿ, ಉತ್ತರ ಮಲಯಾಳದಲ್ಲಿ

"ನಿಮ್ಮಂಥ ಭಾಷಾ ಅಲ್ಪಸಂಖ್ಯಾತರಿಗೆ ಸಂವಿಧಾನದಲ್ಲೇ ಅಷ್ಟೊಂದು ರಕ್ಷಣೆ ಇದೆಯಲ್ಲೇ, ಇನ್ನೂ ಯಾಕೆ ಗೋಳಾಡ್ತೀರ?" ಅಂತ ಕೇಳಿದ್ದೀಯ. ಜೊತೆಗೆ "ಕೇರಳದವಳಾದ್ರೂ ಕನ್ನಡ ಚೆನ್ನಾಗಿ ಮಾತಾಡ್ತೀಯ" ಅಂತ ಶಾಭಾಸ್‌ಗಿರಿ ಬೇರೆ. ಮಾರಾಯ್ತಿ, ಕಾಸರಗೋಡಿನ ನಾನು ಒಂದನೇ ಕ್ಲಾಸಿನಿಂದ ಹತ್ತನೆಯವರೆಗೆ ಕಲಿತದ್ದು ಕನ್ನಡ ಮಾಧ್ಯಮದಲ್ಲಿ, ಅದೂ ಕೇರಳ ಸರಕಾರದ ಖರ್ಚಿನಲ್ಲಿ. ಗಣಿತ, ವಿಜ್ಞಾನದ ಪುಸ್ತಕಗಳನ್ನೂ ಕನ್ನಡದಲ್ಲೇ ಅಚ್ಚು ಹಾಕಿಸಿ ಕೊಟ್ಟಿದ್ದಾರೆ. ತುಮಕೂರಿನ ನೀನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಯಾರು ಯಾರ ಬೆನ್ನು ತಟ್ಟಬೇಕು ಅಂತ ಆಮೇಲೆ ನೋಡುವ.

ರಾಜ್ಯಶಾಸ್ತ್ರ ಓದುವವಳಲ್ಲವಾ, ಒಳ್ಳೆಯದನ್ನೇ ಮೊದಲು ಹೇಳುತ್ತೇನೆ. 2020ರ ಲಾಕ್‌ಡೌನ್ ನೆನಪುಂಟಾ? ನಮ್ಮ ಕಡೆಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು. ಆಗ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಬಂದ್ ಮಾಡಿತು. ಆಂಬುಲೆನ್ಸುಗಳು ಗಡಿಯ ತಲಪಾಡಿಯಿಂದ ವಾಪಸ್ ಹೋದವು, ಚಿಕಿತ್ಸೆ ಸಿಗದೆ ಕೆಲವರು ತೀರಿಕೊಂಡರು. ರಾಜ್ಯೋತ್ಸವದ ದಿನ ನಮ್ಮನ್ನು "ಗಡಿನಾಡ ಬಂಧುಗಳೇ" ಅಂತ ಕರೆಯುವ ರಾಜ್ಯ ಮಾಡಿದ ಕೆಲಸ ಇದು. ಹೆದ್ದಾರಿಯ ತಡೆ ತೆಗೆಸಬೇಕು ಅಂತ ಏಪ್ರಿಲ್ 1ರಂದು ಕೇಂದ್ರಕ್ಕೆ ಆದೇಶ ಕೊಟ್ಟದ್ದು ಕೇರಳ ಹೈಕೋರ್ಟು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಕೂತು ಮಾತಾಡಿಕೊಳ್ಳಿ ಅಂತ ಅಲ್ಲಿ ಹೇಳಿದರು, ಏಪ್ರಿಲ್ 7ಕ್ಕೆ ರೋಗಿಗಳನ್ನು ಬಿಡುವ ಬಗ್ಗೆ ಒಪ್ಪಂದ ಆಯಿತು. ಒಂದು ರಾಜ್ಯ ಮುಚ್ಚಿದ ದಾರಿಯನ್ನು ಪ್ರಶ್ನಿಸಲು ಒಂದು ಬಾಗಿಲು ಇತ್ತು ಅನ್ನುವುದು ಸಣ್ಣ ಸಂಗತಿಯಲ್ಲ. ಆ ಬಾಗಿಲು ತೆರೆಯುವವರೆಗೆ ಕಾಯಿಲೆ ಕಾಯುವುದಿಲ್ಲ ಅನ್ನುವುದೂ ಅಷ್ಟೇ ನಿಜ.

1956ರಲ್ಲಿ ರಾಜ್ಯಗಳ ವಿಂಗಡಣೆಯಾಗಿ, ಮದ್ರಾಸಿನಲ್ಲಿದ್ದ ಕಾಸರಗೋಡು ಕೇರಳಕ್ಕೆ ಸೇರಿದ ಕಥೆ ನಿನಗೆ ಗೊತ್ತು, ಎಳೆಯುವುದಿಲ್ಲ. ಸಂವಿಧಾನದ ಮೂರನೇ ವಿಧಿಯಲ್ಲಿ ಸಂಸತ್ತು ರಾಜ್ಯಗಳ ಗಡಿ ಬದಲಿಸಬಹುದು; ಅದಕ್ಕೆ ಆ ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳಿದರೆ ಸಾಕು, ಅಲ್ಲಿ ಬದುಕುವವರದ್ದು ಬೇಡ. 1967ರಲ್ಲಿ, ಗಡಿ ವಿವಾದ ನೋಡಲು ಕೇಂದ್ರ ನೇಮಿಸಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಲಿ ಅಂದಿತು, ಆ ವರದಿ ಈಗಲೂ ವರದಿಯಾಗಿಯೇ ಉಂಟು. ಅದನ್ನು ಜಾರಿ ಮಾಡಿ ಅಂತ ನಾನೇನೂ ಬೊಬ್ಬೆ ಹಾಕುವುದಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಹೀಗೇ ಬೆಳೆದವರು ನಾವು. ಗಡಿ ಎಲ್ಲಿ ಎಳೆದರೂ ಯಾರಾದರೂ ತಪ್ಪು ಬದಿಯಲ್ಲಿ ಉಳಿಯುತ್ತಾರೆ.

ನನ್ನ ತಲೆಬಿಸಿ ಬೇರೆ. ಅದು 350ನೇ ವಿಧಿ.

ಪರೀಕ್ಷೆಗೆ ನೀನೂ ಅದನ್ನು ಉರು ಹೊಡೆದಿದ್ದೀಯ: ಯಾರು ಬೇಕಾದರೂ, ಯಾವ ಅಧಿಕಾರಿಗೆ ಬೇಕಾದರೂ, ಕೇಂದ್ರದಲ್ಲೋ ಆ ರಾಜ್ಯದಲ್ಲೋ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದರೂ ತನ್ನ ಕುಂದುಕೊರತೆ ಬರೆದು ಕೊಡಬಹುದು. ಚಂದ ಉಂಟು. ಉತ್ತರ ಯಾವ ಭಾಷೆಯಲ್ಲಿ ಬರಬೇಕು? ಆ ಬಗ್ಗೆ ವಿಧಿ ತುಟಿ ಬಿಚ್ಚುವುದಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ, ತಮಿಳಿನವರು ತಮ್ಮ ಭಾಷೆಯಲ್ಲೇ ಸರಕಾರದ ಜೊತೆ ಪತ್ರವ್ಯವಹಾರ ಮಾಡಲು ಅವಕಾಶವೂ ಉಂಟು. ಕಾಗದದಲ್ಲಿ ಎಲ್ಲ ಉಂಟು, ಮೇಜಿನ ಆಚೆ ಅದನ್ನು ಓದುವವರು ಇಲ್ಲ.

ಅಜ್ಜನ ಜಾಗವನ್ನು ಅಪ್ಪನ ಹೆಸರಿಗೆ ಮಾಡಿಸಬೇಕಿತ್ತು. ಆಧಾರಕ್ಕೆ ಇರುವುದು ಒಂದು ಹಳೇ ಪಾಲುಪಟ್ಟಿ. ಮದ್ರಾಸಿನ ಕಾಲದ್ದು, ಮಡಚಿದ ಜಾಗದಲ್ಲೆಲ್ಲ ಹರಿದು ಹಿಂದಿನಿಂದ ಕಾಗದ ಅಂಟಿಸಿದ್ದು. ಮೊಹರು, ನಂಬ್ರ, ಸಾಕ್ಷಿಗಳ ರುಜು ಎಲ್ಲ ಸರಿ ಉಂಟು, ಎಲ್ಲ ಕನ್ನಡದಲ್ಲಿ. ಕಚೇರಿಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮಲಯಾಳಕ್ಕೆ ಅನುವಾದ ಮಾಡಿಸಿ ತನ್ನಿ ಅಂದರು. ಸರಕಾರವೇ ನೋಂದಾಯಿಸಿಕೊಂಡ ದಸ್ತಾವೇಜನ್ನು ಸರಕಾರಕ್ಕೆ ಓದಿ ಹೇಳುವ ಖರ್ಚು ನಮ್ಮದು! ಆಮೇಲೆ ಅಂಚೆಯಲ್ಲಿ ಬಂದ ಉತ್ತರವೂ ಮಲಯಾಳ, ಕೈಬರಹ ಬೇರೆ. ಅಪ್ಪ ಮಲಯಾಳದಲ್ಲಿ ವ್ಯಾಪಾರ ಮಾಡುತ್ತಾರೆ, ಜಗಳವನ್ನೂ ಆಡುತ್ತಾರೆ, ಆದರೆ ಅಕ್ಷರ ಬರುವುದಿಲ್ಲ. ನಾನು ಬಸ್ಸಿನ ಬೋರ್ಡು ಓದುವಷ್ಟು ಗಟ್ಟಿ. ಕಾಗದ ಹಿಡಿದುಕೊಂಡು ಪಕ್ಕದ ಮನೆಯ ಆರನೇ ಕ್ಲಾಸಿನ ಹುಡುಗನ ಹತ್ತಿರ ಹೋದರು ಅಪ್ಪ. ಅವನು ಕ್ರಿಕೆಟ್ ಬ್ಯಾಟು ಕಂಕುಳಲ್ಲಿ ಇಟ್ಟುಕೊಂಡೇ ಅಂಗಳದಲ್ಲಿ ನಿಂತು ಓದಿ ಹೇಳಿದ: ಇನ್ನೊಂದು ದಾಖಲೆ ಬೇಕಂತೆ, ಅದನ್ನು ಕೊಡಲು ಒಂದು ತಾರೀಕೂ ಉಂಟಂತೆ. ಆ ತಾರೀಕು ದಾಟಿ ಹೋಗಿತ್ತು.

ಆ ಕ್ಲಾರ್ಕಿನ ಮೇಲೆ ಸಿಟ್ಟು ಮಾಡುವ ಅಂದರೆ ಅವರೂ ಪಾಪದವರು. ತೆಂಕಣ ಜಿಲ್ಲೆಯಿಂದ ಬಂದವರು, ಪಿಎಸ್‌ಸಿ, ಅಂದರೆ ಲೋಕಸೇವಾ ಆಯೋಗದ ಪರೀಕ್ಷೆ ಬರೆದು ಪಾಸಾದವರು. ಮೊದಲ ಪೋಸ್ಟಿಂಗ್ ಕಾಸರಗೋಡು, ಬಂದ ದಿನದಿಂದಲೇ ಊರಿಗೆ ವರ್ಗ ಯಾವಾಗ ಅಂತ ಲೆಕ್ಕ. ಸಾರ್ವಜನಿಕ ಉದ್ಯೋಗದಲ್ಲಿ ಸಮಾನ ಅವಕಾಶ ಅಂತ 16ನೇ ವಿಧಿ ಅವರಿಗೆ ಆ ಕುರ್ಚಿ ಕೊಟ್ಟಿದೆ. 350ನೇ ವಿಧಿ ನನ್ನ ಅಪ್ಪನಿಗೆ ಆ ಅರ್ಜಿ ಕೊಟ್ಟಿದೆ. ಎರಡೂ ಹಕ್ಕು ಒಂದೇ ಮೇಜಿನ ಎರಡು ಬದಿಯಲ್ಲಿ ಕೂತು ಮುಖ ಮುಖ ನೋಡುತ್ತಿವೆ. ಕನ್ನಡ, ಮಲಯಾಳ ಎರಡೂ ಬಲ್ಲವರಿಗೆ ಅಂತಲೇ ನಮ್ಮ ಜಿಲ್ಲೆಯಲ್ಲಿ ಪಿಎಸ್‌ಸಿ ಬೇರೆ ಕ್ಲಾರ್ಕ್ ಹುದ್ದೆಗಳನ್ನು ಕರೆಯುತ್ತದೆ, ಆದರೆ ನಮಗೆ ಬೇಕಾದ ಮೇಜಿನಲ್ಲಿ ಅಂಥವರು ಸಿಗಬೇಕಲ್ಲ.

ದೂರು ಕೊಡಲು ಅಧಿಕಾರಿ ಇಲ್ಲವಾ ಅಂತ ಕೇಳಬೇಡ. 1956ರ ಏಳನೇ ತಿದ್ದುಪಡಿ 350-ಬಿ ಸೇರಿಸಿ ಭಾಷಾ ಅಲ್ಪಸಂಖ್ಯಾತರಿಗೊಬ್ಬ ವಿಶೇಷ ಅಧಿಕಾರಿಯನ್ನು ಕೊಟ್ಟಿತು. ಅವರ ಕೆಲಸ ತನಿಖೆ ಮಾಡಿ ರಾಷ್ಟ್ರಪತಿಗೆ ವರದಿ ಕೊಡುವುದು. ನಮ್ಮ ಊರಿನ ಕ್ಲಾರ್ಕಿಗೆ "ಕನ್ನಡದಲ್ಲಿ ಬರೆಯಯ್ಯಾ" ಅಂತ ಹುಕುಂ ಮಾಡುವ ಅಧಿಕಾರ ಆ ವಿಧಿಯಲ್ಲಿಲ್ಲ. ಪಕ್ಕದ 350-ಎ ನೋಡು: ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ರಾಜ್ಯ "ಪ್ರಯತ್ನಿಸಬೇಕು". ಪ್ರಯತ್ನ ಮಾಡಿದೆವು ಅಂದರೆ ಮುಗಿಯಿತು, ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರು ಬಂದರೂ ಅದೊಂದು ಪ್ರಯತ್ನವೇ.

ಆದರೂ 2021ರಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡಾಗ ಮೊಬೈಲಿನಲ್ಲಿ ಆ ವಿಡಿಯೋ ಹಾಕಿ ಹಾಕಿ ನೋಡಿದವಳು ನಾನೇ. ವ್ಯವಸ್ಥೆಯ ಮೇಲೆ ನನಗೆ ಇಷ್ಟು ಸಿಟ್ಟು ಇದ್ದೂ ಅದನ್ನು ಬಿಟ್ಟುಕೊಡಲು ಮನಸ್ಸಿಲ್ಲ ಯಾಕೆ ಅಂದರೆ ಇಂಥದಕ್ಕೇ.

ನೀನು ಕರ್ನಾಟಕದವಳು ಅಂತ ಬೀಗಬೇಡ ಮತ್ತೆ. ನನ್ನ ತಮ್ಮ ಇಂಜಿನಿಯರಿಂಗ್ ಸೀಟಿಗೆ ಗಡಿನಾಡ ಕನ್ನಡಿಗ ಅಂತ ಅರ್ಜಿ ಹಾಕಿದರೆ ನಿಮ್ಮವರು ಅವನಿಗೆ ಕನ್ನಡ ಬರುತ್ತದಾ ಅಂತ ಪರೀಕ್ಷೆ ಇಟ್ಟರು. ನಿನಗೆ ಇಟ್ಟಿದ್ದಾರಾ?

ಅಪ್ಪನ ಅರ್ಜಿ ಈಗ ಎರಡನೇ ಸಲ ಹೋಗುತ್ತಿದೆ. ನಾನೇ ಬರೆದದ್ದು, ಕನ್ನಡದಲ್ಲಿ, 350ನೇ ವಿಧಿಯನ್ನೂ ಹೆಸರಿಸಿ. ಕೊನೆಯಲ್ಲಿ "ಉತ್ತರ ಕನ್ನಡದಲ್ಲಿ ಕೊಡಬೇಕಾಗಿ ವಿನಂತಿ" ಅಂತ ಒಂದು ಸಾಲು. ಆ ಒಂದು ಸಾಲನ್ನು ಮಾತ್ರ ಪಕ್ಕದ ಮನೆಯ ಹುಡುಗನ ಕೈಯಿಂದ ಮಲಯಾಳದಲ್ಲಿ ಬರೆಸಿದ್ದೇನೆ, ಇಲ್ಲದಿದ್ದರೆ ಓದುವವರು ಯಾರು?